ಗ್ರಹಣಕ್ಕೆ ಕತ್ತರಿಸಿದ ಎಕ್ಸ್‌ರೇ

ಡಾಕ್ಟರು ಮಾತಾಡುವಾಗ ತಲೆಯಾಡಿಸುವುದು ನನ್ನ ಚಾಳಿ. ಅರ್ಥವಾಯಿತು ಎಂದೇನಲ್ಲ. ಬಾಗಿಲ ಆಚೆ ಇನ್ನೂ ಅಷ್ಟೊಂದು ಜನ ಕಾದಿದ್ದಾರೆ, ನನ್ನ ದಡ್ಡತನದಿಂದ ಅವರಿಗೆ ತಡವಾಗಬಾರದು ಎಂಬ ಸಂಕೋಚ. ಹೀಗೆ ತಲೆಯಾಡಿಸಿಕೊಂಡೇ ನಾನು ಆಸ್ಪತ್ರೆಯಿಂದ ಎಷ್ಟೋ ಪದಗಳನ್ನು ಮನೆಗೆ ಹೊತ್ತು ತಂದಿದ್ದೇನೆ: ಪಿಕ್ಸೆಲ್, ಸ್ಲೈಸ್, ಕಾಂಟ್ರಾಸ್ಟ್, ಸರ್ವರ್, ಆರ್ಕೈವ್. ಮಾರುಕಟ್ಟೆಯಲ್ಲಿ ಚೆನ್ನಾಗಿ ಕಂಡಿತೆಂದು ಕೊಂಡು ತಂದ, ಆದರೆ ಹೇಗೆ ಬೇಯಿಸಬೇಕೆಂದು ತಿಳಿಯದ ಗೆಡ್ಡೆಯ ಹಾಗೆ ಅವು ಬಹಳ ದಿನ ಮೂಲೆಯಲ್ಲಿ ಬಿದ್ದಿರುತ್ತವೆ. ಆಮೇಲೆ ಒಂದು ದಿನ ಮೊಳಕೆಯೊಡೆಯುತ್ತವೆ.

ಈ ಪದಗಳನ್ನು ನಾನು ಓದಿ ಕಲಿಯಲಿಲ್ಲ, ಕಾದು ಕಲಿತೆ. ಆಸ್ಪತ್ರೆಯ ಕುರ್ಚಿಗಳನ್ನು ಒಂದೇ ಕಬ್ಬಿಣದ ಪಟ್ಟಿಗೆ ಬೆಸೆದಿರುತ್ತಾರಲ್ಲ, ಆ ತುದಿಯಲ್ಲಿ ಕುಳಿತವರು ಕೆಮ್ಮಿದರೆ ಈ ತುದಿಯವರ ಬೆನ್ನು ಅಲುಗುತ್ತದೆ. ಅಂಥ ಕುರ್ಚಿಯಲ್ಲಿ, ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷ ಕಳೆದಿದ್ದ ಒಂದು ಬೇಸಿಗೆಯಲ್ಲಿ, ನನ್ನ ಪಕ್ಕದಲ್ಲಿ ಕೆಮ್ಮುತ್ತಿದ್ದವಳು ನನ್ನ ಅಕ್ಕ ಸರೋಜ. ಭಾವ ಇದ್ದಾಗಲೂ, ಹೋದ ಮೇಲೂ, ಕುವೆಂಪುನಗರದ ಅವಳ ಮನೆಯಲ್ಲೇ ನಾನೂ ಇದ್ದೆ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ, ಅವಳು ವರಾಂಡದಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದಳು. ಅವಳ ಶಿಷ್ಯೆಯರಿಗೆ ಕೊನೆಗೆ ಒಂದು ರವಿಕೆಯಾದರೂ ಕೈಗೆ ಬರುತ್ತಿತ್ತು.

ಅವಳ ಕೆಮ್ಮು ಯುಗಾದಿಗೆ ಮುಂಚೆ ಬಂದದ್ದು, ಹೋಗಲೇ ಇಲ್ಲ. ಕಷಾಯಕ್ಕೂ ಬಗ್ಗಲಿಲ್ಲ, ಬಡಾವಣೆಯ ಡಾಕ್ಟರ ಗುಳಿಗೆಗೂ ಬಗ್ಗಲಿಲ್ಲ. ಕೊನೆಗೆ ಅವರೇ ಯಾದವಗಿರಿಯ ಕಡೆಯ ಒಂದು ಆಸ್ಪತ್ರೆಗೆ ಹೋಗಿ ಎದೆಯ ಚಿತ್ರ ತೆಗೆಸಿ ಎಂದು ಬರೆದುಕೊಟ್ಟರು. ಅಲ್ಲಿ ಆಗಷ್ಟೇ ಎಲ್ಲವೂ ಕಂಪ್ಯೂಟರಾಗಿತ್ತು. ಎದೆಯ ಚಿತ್ರ ತೆಗೆದರು, ಆದರೆ ಕೈಗೆ ಫಿಲ್ಮ್ ಕೊಡಲಿಲ್ಲ. "ಫಿಲ್ಮ್ ಇಲ್ಲ ಮೇಡಂ, ಸಿಸ್ಟಂನಲ್ಲಿದೆ" ಎಂದರು. ಅಕ್ಕನಿಗೆ ಇದು ಸರಿಬರಲಿಲ್ಲ. ಆಸ್ಪತ್ರೆಗೆ ಹೋದ ಮೇಲೆ ಆ ದೊಡ್ಡ ಕಂದು ಕವರನ್ನು ಕಂಕುಳಲ್ಲಿ ಇರುಕಿಕೊಂಡು ಬರದಿದ್ದರೆ ಹೋಗಿದ್ದಕ್ಕೆ ಗುರುತೇನು? ನಮ್ಮ ಬೀದಿಯಲ್ಲಿ ಆ ಕವರು ಕಂಡೊಡನೆ ಜನ ವಿಚಾರಿಸುತ್ತಿದ್ದರು. ಈಗ ಬರಿಗೈ. "ನನ್ನ ಎದೆ ಅವರ ಹತ್ರ ಬಿಟ್ಟು ಬರ್ಬೇಕಂತೆ ಕಣೇ, ಒಳ್ಳೇ ಕಥೆಯಾಯ್ತು" ಎಂದಳು.

ಡಾಕ್ಟರ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ಒಮ್ಮೆಲೇ ಬರಲಿಲ್ಲ. ಮೊದಲು ಭುಜ, ಆಮೇಲೆ ಕೊರಳಿನ ಕೆಳಗಿನ ಮೂಳೆಗಳು, ಆಮೇಲೆ ಪಕ್ಕೆಲುಬಿನ ಒಂದೊಂದು ಸಾಲು, ಮೇಲಿಂದ ಕೆಳಕ್ಕೆ ಇಳಿಯುತ್ತ ಬಂತು. "ಅಂಗಡಿ ಶಟರ್ ಎಳೆದ ಹಾಗೆ ಬರ್ತಾ ಇದ್ದೀನಿ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಡಾಕ್ಟರು ಕೇಳಿಸಿಕೊಂಡು ನಕ್ಕರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ಸಹನೆಯವರು. ಚಿತ್ರವನ್ನು ಹಿಗ್ಗಿಸಿ ತೋರಿಸಿದರು. ಹಿಗ್ಗಿಸುತ್ತ ಹೋದಂತೆ ಅದು ಬೂದು ಬಣ್ಣದ ಚೌಕಗಳಾಗಿ ಒಡೆಯಿತು. ಈ ಚೌಕಗಳೇ ಪಿಕ್ಸೆಲ್ ಎಂದರು. ನಾನು ತಲೆಯಾಡಿಸಿದೆ. ಅಕ್ಕ ಮಾತ್ರ ನಿಜಕ್ಕೂ ಅರ್ಥಮಾಡಿಕೊಂಡಳು. ಕ್ರಾಸ್‌ಸ್ಟಿಚ್ಚಿನಲ್ಲಿ ಗಿಳಿ ಹಾಕಿದವರಿಗೆ, ಹತ್ತಿರದಿಂದ ನೋಡಿದರೆ ಗಿಳಿಯಿಲ್ಲ, ಬರೀ ಚೌಕ ಎಂಬುದು ಹೊಸ ವಿಷಯವೇನಲ್ಲ.

ಆಮೇಲೆ ಡಾಕ್ಟರು "ವಿಂಡೋ ಬದಲಾಯಿಸ್ತೀನಿ" ಎಂದು ಮೌಸನ್ನು ಸ್ವಲ್ಪ ಹೊರಳಿಸಿದರು. ಮೂಳೆಗಳು ಮಸುಕಾದವು, ಶ್ವಾಸಕೋಶದ ಎಳೆಗಳು ಮೇಲೆದ್ದವು. ಇನ್ನಷ್ಟು ಹೊರಳಿಸಿದರೆ ಎಳೆಗಳು ಮುಳುಗಿ ಮೂಳೆ ಮೇಲೆ ಬಂತು. ಚಿತ್ರ ಒಂದೇ; ಯಾವುದನ್ನು ಬೆಳಗಿಸಬೇಕು, ಯಾವುದನ್ನು ಕತ್ತಲಲ್ಲಿಡಬೇಕು ಎಂಬುದಷ್ಟೇ ಬೇರೆ. ನನ್ನ ನೆನಪು ಜೀವನವಿಡೀ ಮಾಡುತ್ತ ಬಂದಿರುವ ಕೆಲಸ ಇದೇ. ಅದಕ್ಕೊಂದು ಹೆಸರಿದೆ ಎಂದು ಅಂದೇ ಗೊತ್ತಾದದ್ದು.

ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಚುಕ್ಕೆಯಿತ್ತು. ಅವಳ ಬಲ ಎಂದರೆ ಪರದೆಯಲ್ಲಿ ನಮ್ಮ ಎಡ. ನಾನು ಮೊದಲು ತಪ್ಪು ಕಡೆ ನೋಡಿ, ಏನೂ ಇಲ್ಲವೆಂದು ಸಮಾಧಾನಪಟ್ಟುಕೊಂಡೆ. ಡಾಕ್ಟರು ಬಾಣದ ಗುರುತನ್ನು ಅದರ ಮೇಲೆ ನಿಲ್ಲಿಸಿದರು. ಪರದೆಯ ಇನ್ನೊಂದು ಅರ್ಧ ಖಾಲಿಯಿತ್ತು, ಬೂದು ಬಣ್ಣದ ಚೌಕ. ಅದು ಹಿಂದಿನ ಚಿತ್ರ ಬರಬೇಕಾದ ಜಾಗವಂತೆ. ಹೋಲಿಸಿ ನೋಡುವುದಕ್ಕೆ.

"ನಮ್ಮ ಆರ್ಕೈವಲ್ಲಿ ನಿಮ್ಮ ಹಳೇದು ಏನೂ ಇಲ್ಲ. ಹೋದ ವರ್ಷದಿಂದ ಈಚೆಗಿನದು ಮಾತ್ರ ಇರೋದು" ಎಂದರು. ಎಂದರೆ ಆ ಯಂತ್ರಕ್ಕೆ ಇತಿಹಾಸ ಶುರುವಾಗುವುದೇ ಹೋದ ವರ್ಷ. ಅದಕ್ಕೆ ಮುಂಚೆ ಮೈಸೂರಿನಲ್ಲಿ ಯಾರಿಗೂ ಎದೆ ಇರಲಿಲ್ಲ. "ನೋಡಿ ಅಮ್ಮ, ಈ ಚುಕ್ಕೆ ಹಳೇದಾದ್ರೆ, ಯಾವಾಗಲೋ ಸೋಂಕು ಬಂದು ವಾಸಿಯಾದ ಕಲೆ ಅಂದ್ಕೊಂಡು ಅದರ ಪಾಡಿಗೆ ಬಿಡಬಹುದು. ಕೆಮ್ಮಿಗೆ ಬೇರೆ ಕಾರಣ ನೋಡೋಣ. ಹೊಸದಾದ್ರೆ ಬಿಡೋ ಹಾಗಿಲ್ಲ. ಬೆನ್ನಿಂದ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಸೂಜಿ ಹಾಕಿದಾಗ ಕೆಲವರಿಗೆ ಶ್ವಾಸಕೋಶದಿಂದ ಗಾಳಿ ಸೋರುತ್ತೆ, ಅದನ್ನೂ ಹೇಳ್ಬಿಡ್ತೀನಿ. ಗುರುವಾರಕ್ಕೆ ಇಟ್ಕೊಂಡಿರ್ತೀನಿ. ಅಷ್ಟರಲ್ಲಿ ಹಳೇ ಎಕ್ಸ್‌ರೇ ಏನಾದ್ರೂ ಇದ್ರೆ ತನ್ನಿ. ತೆಗೆಸಿದ್ರಾ ಯಾವತ್ತಾದ್ರೂ?"

"ತೆಗೆಸಿದ್ದೆ. ಗರ್ಭಕೋಶದ ಆಪರೇಷನ್‌ಗೆ ಮುಂಚೆ."

"ಇದೆಯಾ ಅದು?"

"ಗ್ರಹಣ ನೋಡೋಕೆ ಕತ್ತರಿಸ್ಬುಟ್ಟೆ" ಎಂದಳು ಅಕ್ಕ.

ಡಾಕ್ಟರು ಕೀಬೋರ್ಡಿನ ಮೇಲಿಂದ ಕೈ ತೆಗೆದರು.

ಆ ಗ್ರಹಣ ನಿಮಗೂ ನೆನಪಿರಬಹುದು. ತೊಂಬತ್ತರ ದಶಕದ ನಡುವೆ, ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಬಂದದ್ದು. ಬರಿಗಣ್ಣಿನಿಂದ ನೋಡಬೇಡಿ ಎಂದು ಟೀವಿಯಲ್ಲಿ ಹೇಳಿದ್ದೇ ಹೇಳಿದ್ದು. ಎಕ್ಸ್‌ರೇ ಫಿಲ್ಮಿನಿಂದಲೂ ನೋಡಬಾರದು ಎಂದು ತಿಳಿದವರು ಈಗ ಹೇಳುತ್ತಾರೆ. ಆಗ ನಮ್ಮ ಬೀದಿಯಲ್ಲಿ ಅಷ್ಟು ತಿಳಿದವರಿರಲಿಲ್ಲ. ಫಿಲ್ಮ್ ಇದ್ದ ಮನೆಗೆ ಆ ವಾರ ಎಲ್ಲಿಲ್ಲದ ಮರ್ಯಾದೆ. ಕಾಲು ಮುರಿದವರ ಫಿಲ್ಮಿಗೆ ಬೆಲೆಯಿಲ್ಲ, ಅದರ ತುಂಬ ಬಿಳಿ. ಎದೆಯದೇ ಆಗಬೇಕು, ಅದರಲ್ಲೂ ಶ್ವಾಸಕೋಶ. ಅದೇ ಚೆನ್ನಾಗಿ ಕಪ್ಪಗಿರುವುದು. ಅಕ್ಕ ವರಾಂಡದಲ್ಲಿ ಕೂತು, ಬಟ್ಟೆಯ ಅಂಚು ಬಿಚ್ಚದ ಹಾಗೆ ಕತ್ತರಿಸುವ ಹಲ್ಲು ಹಲ್ಲಿನ ಕತ್ತರಿಯಲ್ಲಿ, ತನ್ನ ಎದೆಯನ್ನು ಪ್ರಸಾದದಂತೆ ಹಂಚಿದಳು. ಮಕ್ಕಳಿರುವ ಮನೆಗೆ ದೊಡ್ಡದು, ಇಬ್ಬರೇ ಇರುವ ಮನೆಗೆ ಚಿಕ್ಕದು. ಆ ಬೆಳಿಗ್ಗೆ ಇಡೀ ಬೀದಿ ನನ್ನ ಅಕ್ಕನ ಉಸಿರಿನ ಮೂಲಕ ಸೂರ್ಯನನ್ನು ನೋಡಿತು.

ಇಲ್ಲಿಗೆ ನನ್ನ ಕಷ್ಟ ಶುರುವಾಗುತ್ತದೆ. ಮನೆಗೆ ಬರುವ ದಾರಿಯಲ್ಲಿ, ಅಕ್ಕನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುವಾಗ, ನನಗೆ ಸ್ಪಷ್ಟವಾಗಿ ನೆನಪಾಯಿತು. ಅಂದಿನ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು "ಇಲ್ಲೊಂದು ಹಳೇ ಕಲೆ ಇದೆ, ಚಿಂತೆಯಿಲ್ಲ" ಎಂದಿದ್ದರು. ಅವರ ಕನ್ನಡಕ ನೆನಪಾಯಿತು, ಕಿಟಕಿಯ ಹೊರಗಿನ ಸಂಪಿಗೆ ಮರ ನೆನಪಾಯಿತು. ಮನೆಗೆ ಬಂದು ಹೇಳಿದೆ.

"ಯಾವ ಡಾಕ್ಟರೂ ಏನೂ ಹೇಳ್ಲಿಲ್ಲ" ಎಂದಳು ಅಕ್ಕ.

"ಹೇಳಿದ್ರು. ನಾನು ಪಕ್ಕದಲ್ಲೇ ಇದ್ದೆ."

"ನೀನು ಆವತ್ತು ಬರ್ಲೇ ಇಲ್ಲ ಕಣೇ. ನಿನ್ನ ಭಾವ ಬಂದಿದ್ರು. ನಿಂಗೆ ಪರೀಕ್ಷೆ ಡ್ಯೂಟಿ ಇತ್ತು."

ನಾನು ಕಾಲೇಜಿಗೆ ಸೇರಿದಾಗಿನಿಂದ ದಿನಚರಿ ಬರೆಯುತ್ತ ಬಂದವಳು. ಅಟ್ಟದ ಮೇಲಿಂದ, ಆಪರೇಷನ್ನೂ ಗ್ರಹಣವೂ ಆದ ಆ ವರ್ಷದ್ದನ್ನು ತೆಗೆದು ನೋಡಿದೆ. ಅಕ್ಕನ ಎಕ್ಸ್‌ರೇ ಬಗ್ಗೆ ಒಂದಕ್ಷರವಿಲ್ಲ. ಗ್ರಹಣದ ದಿನ ಚಕ್ಕುಲಿ ಗಟ್ಟಿಯಾದದ್ದನ್ನು ಬರೆದಿದ್ದೇನೆ, ಸಹೋದ್ಯೋಗಿಯೊಬ್ಬರ ಮೇಲಿನ ಸಿಟ್ಟನ್ನು ಎರಡು ಪುಟ ಬರೆದಿದ್ದೇನೆ. ಆ ಸಹೋದ್ಯೋಗಿ ಯಾರು ಎಂಬುದೇ ಈಗ ನೆನಪಿಲ್ಲ. ಸಂಪಿಗೆ ಮರ ಎಲ್ಲಿಂದ ಬಂತು? ಬಹುಶಃ ಬೇರೆ ಯಾವುದೋ ಆಸ್ಪತ್ರೆಯ ಬೇರೆ ಯಾವುದೋ ದಿನದಿಂದ. ಚುಕ್ಕೆ ಹಳೆಯದಾಗಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ನನ್ನ ನೆನಪು ತಾನಾಗಿಯೇ ಹೋಗಿ ಒಬ್ಬ ಡಾಕ್ಟರನ್ನು ಹಿಡಿದುಕೊಂಡು ಬಂದು ನಿಲ್ಲಿಸಿತ್ತು, ಕನ್ನಡಕದ ಸಮೇತ. ಎಕ್ಸ್‌ರೇ ಕೋಣೆಯವರು ಇದಕ್ಕೂ ಒಂದು ಪದ ಇಟ್ಟಿದ್ದಾರೆ: ಆರ್ಟಿಫ್ಯಾಕ್ಟ್. ದೇಹದಲ್ಲಿ ಇಲ್ಲದೆ ಚಿತ್ರದಲ್ಲಿ ಮಾತ್ರ ಕಾಣುವಂಥದ್ದು. ಮರೆತು ಕಳಚದ ಸರ, ಒದ್ದೆ ಜಡೆಯ ನೆರಳು, ಉಸಿರು ಹಿಡಿಯದೆ ಅಲುಗಿದ್ದರಿಂದ ಮೂಡಿದ ಗೆರೆ.

ಅಕ್ಕ ಮೇಲೆ ಮೇಲೆ ತಮಾಷೆ ಮಾಡುತ್ತಿದ್ದಳು. ಆದರೆ ಸೂಜಿಗೆ ಹೆದರಿದ್ದಳು. ಜೀವನವೆಲ್ಲ ಸೂಜಿ ಹಿಡಿದವಳು ಹೆದರುವುದೇ ಎಂದು ನಾನು ಕೇಳಿದಾಗ, "ನನಗೆ ಗೊತ್ತು ಕಣೇ ಸೂಜಿ ಏನು ಮಾಡುತ್ತೆ ಅಂತ" ಎಂದು ಮುಖ ಆಚೆ ತಿರುಗಿಸಿದಳು. ಹೊಲಿಗೆ ತರಗತಿಗೆ ಆ ವಾರ ರಜೆ ಕೊಟ್ಟಳು.

ಮರುದಿನದಿಂದ ನಾವು ಬೀದಿಯಲ್ಲಿ ಅಕ್ಕನ ಎದೆಯನ್ನು ಹುಡುಕುತ್ತ ಹೊರಟೆವು. ಬಾಗಿಲು ತಟ್ಟಿ, ಕಾಫಿ ಬೇಡವೆಂದು ಹೇಳಿ, ಕಾಫಿ ಕುಡಿದು, ವಿಷಯಕ್ಕೆ ಬರುವುದು. ಮೂಲೆ ಮನೆಯವರು ಟ್ರಂಕಿನಿಂದ ಒಂದು ತುಂಡು ತಂದುಕೊಟ್ಟರು; ಹೊಟ್ಟೆಯ ಮೇಲಿನ ಭಾಗ, ನಮಗೆ ಬೇಡದ್ದು. ಎದುರು ಮನೆಯವರ ತುಂಡನ್ನು ಮೊಮ್ಮಗ ಗಾಳಿಪಟಕ್ಕೆ ಅಂಟಿಸಿದ್ದನಂತೆ, ಅದು ಯಾವ ತೆಂಗಿನ ಮರದಲ್ಲಿದೆಯೋ. ಇನ್ನೊಬ್ಬರು, "ನಮಗೆ ಕೊಟ್ಟಿದ್ದು ಸೊಂಟ ಅಂತ ಕಾಣುತ್ತೆ ಸರೋಜಮ್ಮ, ಸೂರ್ಯ ಸರಿಯಾಗಿ ಕಾಣ್ಲೇ ಇಲ್ಲ" ಎಂದರು. ಅಕ್ಕನ ಪಾಲಿನ ತುಂಡು ನಮ್ಮ ಮನೆಯಲ್ಲೇ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಸಿಕ್ಕಿತು. ಅದು ಬಲ ಭುಜದ ಕಡೆಯ ಅಂಚು. ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ಅವಳ ಹೆಸರು, ವಯಸ್ಸು, ತಾರೀಖು ಇದ್ದವು. ಹೆಸರಿತ್ತು, ಚುಕ್ಕೆಯ ಜಾಗ ಮಾತ್ರ ಇರಲಿಲ್ಲ. ಹಲ್ಲು ಹಲ್ಲಿನ ಕತ್ತರಿ ಅದಕ್ಕೆ ಸ್ವಲ್ಪ ಈಚೆಗೇ ಹಾದುಹೋಗಿತ್ತು.

"ಇದರ ಪಕ್ಕದ್ದು ಯಾರಿಗೆ ಕೊಟ್ಟೆ?"

"ಗಿರಿಜಮ್ಮನಿಗೆ ಇರ್ಬೇಕು. ಅವರ ಮನೇಲಿ ಜನ ಜಾಸ್ತಿ."

ಗಿರಿಜಮ್ಮ ಆಗ ನಮ್ಮ ಪಕ್ಕದ ಮನೆಯವರು. ಅವರ ಯಜಮಾನರು ಕಬ್ಬಿಣದ ವ್ಯಾಪಾರ ಮಾಡುತ್ತಿದ್ದರು. ಆಮೇಲೆ ಇಲವಾಲದಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ಸೋಮವಾರ ಸ್ಕೂಟರು ಹತ್ತಿ ಹುಣಸೂರು ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಅಕ್ಕನಿಗೆ ಪಾಠ ಹೇಳಿದೆ: ಚುಕ್ಕೆ ಇತ್ತಾ ಎಂದು ನೀನಾಗಿ ಕೇಳಬೇಡ. ಕೇಳಿದರೆ ಪ್ರೀತಿಗೆ ಇತ್ತು ಎಂದುಬಿಡುತ್ತಾರೆ. ಸಾಕ್ಷಿಯ ಬಾಯಿಗೆ ನಾವು ಮಾತು ಹಾಕಬಾರದು, ಇದು ನಮ್ಮ ಶಾಸ್ತ್ರದ ಮೊದಲ ಪಾಠ. "ಆಯ್ತು ಬುಡು, ನಾನು ಬಾಯೇ ಬಿಡಲ್ಲ" ಎಂದಳು.

ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದ ಗಿರಿಜಮ್ಮ, ಗ್ರಹಣದ ಎಕ್ಸ್‌ರೇ ಎಂದು ನಾನು ಬಾಯಿ ತೆರೆಯುತ್ತಲೇ ಶುರುಮಾಡಿದರು.

"ಆ ತುಂಡಾ? ಅದರ ವಿಚಾರ ಎತ್ಬೇಡ ಸರೋಜ. ಊರೋರಿಗೆಲ್ಲ ಒಳ್ಳೊಳ್ಳೇದು ಕೊಟ್ಟು ನಂಗೆ ಮಾತ್ರ ಕೆಟ್ಟಿದ್ದು ಕೊಟ್ಬುಟ್ಟೆ. ಮಧ್ಯದಲ್ಲಿ ಒಂದು ಬಿಳೀ ಚುಕ್ಕೆ. ಎಂಗೆ ಇಡಿದ್ರೂ ಸೂರ್ಯ ಓಗಿ ಅದರೊಳಗೇ ಕೂತ್ಕೋತಿತ್ತು. ಕಣ್ಣು ಚುಚ್ಚೋದು. ನಮ್ ಅತ್ತೆ ಅವತ್ತು ಎಷ್ಟು ಬೈದ್ರು ಗೊತ್ತಾ, ಪಕ್ಕದ್ಮನೆಯೋಳ್ಗೆ ನಿನ್ನ ಕಂಡ್ರೆ ಅಷ್ಟೇಯ ಅಂತ. ನಾನು ನಿನ್ನ ಮುಂದೆ ಏಳ್ಲಿಲ್ಲ. ಮನಸ್ನಲ್ಲೇ ಇಟ್ಕೊಂಡಿದ್ದೆ ಕಣಮ್ಮ ಇಷ್ಟು ದಿನ."

ನಾನು ಪಾಠ ಹೇಳುವಾಗ ಎಷ್ಟೋ ಸಲ ಹೇಳಿದ್ದೇನೆ, ನಮ್ಮ ಪರವಾಗಿಲ್ಲದವರ ಸಾಕ್ಷಿಯೇ ಹೆಚ್ಚು ನಂಬಿಕೆಗೆ ಅರ್ಹ ಎಂದು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದ ಮುನಿಸಿಗಿಂತ ಗಟ್ಟಿಯಾದ ಸಾಕ್ಷಿ ಬೇರೆ ಎಲ್ಲಿ ಸಿಗಬೇಕು. ಅಕ್ಕ ಗಿರಿಜಮ್ಮನ ಕೈ ಹಿಡಿದುಕೊಂಡು ಅಳುವುದಕ್ಕೆ ಶುರುಮಾಡಿದಳು. ಗಿರಿಜಮ್ಮ ಗಾಬರಿಯಾದರು. "ಅಯ್ಯೋ, ನಾನೇನಂದೆ ಈಗ? ಓಗ್ಲಿ ಬುಡು, ಒಂದು ಚುಕ್ಕೆ ತಾನೆ" ಎಂದು ಸಮಾಧಾನ ಮಾಡತೊಡಗಿದರು. ನಾನು ಎಲ್ಲವನ್ನೂ ಮೊದಲಿಂದ ವಿವರಿಸಿದೆ.

ತುಂಡು ಎಲ್ಲಿದೆ? ಗಿರಿಜಮ್ಮ ಗೋಡೆ ತೋರಿಸಿದರು. ಅಲ್ಲಿ ಅವರ ಮಠದ ಹಿರಿಯ ಗುರುಗಳ ಪಟವಿತ್ತು. ಗೋಡೆಯ ತೇವ ಪಟಕ್ಕೆ ಹತ್ತದಿರಲೆಂದು ಅದರ ಬೆನ್ನಿಗೆ ಆ ಫಿಲ್ಮನ್ನು ಇಟ್ಟು ಮೊಳೆ ಹೊಡೆಸಿದ್ದರು. ಆದರೆ ಅಂದು ಸೋಮವಾರ. ಬೆಳಿಗ್ಗೆ ಪೂಜೆಯಾಗಿ ಹೂ ಏರಿಸಿದ ಪಟವನ್ನು ಇಳಿಸುವಂತಿಲ್ಲ. ಗಿರಿಜಮ್ಮ ಪಟ ನೋಡಿದರು, ಅಕ್ಕನನ್ನು ನೋಡಿದರು, ಇನ್ನೊಮ್ಮೆ ಪಟ ನೋಡಿದರು. ಆಮೇಲೆ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು. ಒದ್ದೆ ಕೂದಲಿನಲ್ಲೇ ಸ್ಟೂಲು ಹತ್ತಿ ಪಟ ಇಳಿಸಿ, ತಪ್ಪಾಯ್ತು, ಒಪ್ಪಿಸಿಕೊಳ್ಳಬೇಕು ಸ್ವಾಮಿ ಎಂದು ಕಣ್ಣಿಗೊತ್ತಿಕೊಂಡು, ತಿರುಗಿಸಿ ಮೊಳೆ ಕಿತ್ತರು. "ಗುರುಗಳ ಬೆನ್ನ ಇಂದೆ ಇತ್ತಲ್ಲ, ಅದಕ್ಕೇ ನಿಂಗೇನೂ ಆಗಿಲ್ಲ ಕಣೇ ಸರೋಜ. ಡಾಕ್ಟರಿಗೂ ಏಳು ಇದನ್ನ" ಎಂದರು. ಸುತ್ತಲೂ ಹಲ್ಲು ಹಲ್ಲಿನ ಅಂಚು. ಒಂದು ಮೂಲೆ ತೇವಕ್ಕೆ ಹಳದಿಯಾಗಿತ್ತು. ಬಾಗಿಲ ಬೆಳಕಿಗೆ ಹಿಡಿದೆವು. ಚುಕ್ಕೆ ಅಲ್ಲಿತ್ತು.

ಗುರುವಾರ ಆ ಎರಡು ತುಂಡುಗಳನ್ನು ಹಳೆಯ ಕಂದು ಕವರಿನಲ್ಲಿಟ್ಟುಕೊಂಡು ಹೋದೆವು. ಅಕ್ಕ ಅದನ್ನು ಕಂಕುಳಲ್ಲಿ ಇರುಕಿಕೊಂಡ ರೀತಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಸಿಸ್ಟಂ ಡೌನ್ ಆಗಿತ್ತು. ಏನಾಗಿದೆ ಎಂದು ಕೇಳಿದರೆ ಸರ್ವರ್ ಮಾತಾಡುತ್ತಿಲ್ಲ ಎಂದರು. ಯಾರ ಜೊತೆ ಎಂದು ನಾನು ಕೇಳಲಿಲ್ಲ. ಆ ಬೆಸೆದ ಕುರ್ಚಿಗಳಲ್ಲಿ ಊಟದ ಹೊತ್ತು ದಾಟುವವರೆಗೂ ಕುಳಿತೆವು. ಆಸ್ಪತ್ರೆಯಲ್ಲಿ ಬರುವ ದಣಿವು ವಿಚಿತ್ರವಾದದ್ದು, ಏನೂ ಮಾಡದೆ ಬರುವಂಥದ್ದು. ಮಲಗಿದರೂ ಅದು ಹೋಗುವುದಿಲ್ಲ. ಒಂದು ಸಲ ಅಕ್ಕನ ತಲೆ ನನ್ನ ಹೆಗಲಿಗೆ ಜಾರಿತು. ಅಷ್ಟು ಹಗುರವಾಗಿತ್ತು, ನನಗೆ ಅದೂ ಇಷ್ಟವಾಗಲಿಲ್ಲ.

ಸಿಸ್ಟಂ ಸರಿಹೋಗಿ ಒಳಗೆ ಕರೆದಾಗ ಡಾಕ್ಟರು ಗೋಡೆಯ ಮೇಲಿನ ಹಳೆಯ ಬೆಳಕಿನ ಪೆಟ್ಟಿಗೆಯ ಮುಂದೆ ಪೇರಿಸಿದ್ದ ಕಾಗದಗಳನ್ನು ಸರಿಸಿ ಗುಂಡಿ ಒತ್ತಿದರು. ಅದರ ಟ್ಯೂಬ್‌ಲೈಟು ಮಿಣುಗಿ ಮಿಣುಗಿ, ಬಹಳ ಯೋಚನೆ ಮಾಡಿ, ಹತ್ತಿಕೊಂಡಿತು. ತುಂಡುಗಳನ್ನು ಪಕ್ಕಪಕ್ಕ ಇಟ್ಟರು.

"ಈ ದೊಡ್ಡ ತುಂಡು ನಿಮ್ಮದೇ ಅಂತ ಹೇಗೆ ಹೇಳೋದು? ಇದರ ಮೇಲೆ ಹೆಸರಿಲ್ಲವಲ್ಲ."

ಅಕ್ಕ ಎದ್ದು ಹೋಗಿ ಎರಡು ಅಂಚುಗಳನ್ನೂ ಕೂಡಿಸಿದಳು, ಲಂಗದ ಎರಡು ಪಾಲು ಕೂಡಿಸುವ ಹಾಗೆ. ಹಲ್ಲಿಗೆ ಹಲ್ಲು ಕೂತಿತು. ಒಂದು ಕಡೆ ಕತ್ತರಿ ಜಾರಿ ಎರಡು ಹಲ್ಲು ಒಂದಾಗಿದ್ದವು. ಅದೂ ಇಲ್ಲಿಂದ ಅಲ್ಲಿಗೆ ಹೊಂದಿತು. ಭುಜದಿಂದ ಹೊರಟ ಪಕ್ಕೆಲುಬು ಕತ್ತರಿಯ ಗೆರೆ ದಾಟಿ ಆಚೆ ಮುಂದುವರಿಯಿತು. ಡಾಕ್ಟರು ಪಟ್ಟಿ ಹಿಡಿದು ಅಳೆದರು, ಪರದೆಯಲ್ಲಿ ಅಳೆದರು, ಮತ್ತೆ ಪೆಟ್ಟಿಗೆಗೆ ಬಂದರು. ನಾನು ತಲೆಯಾಡಿಸುವುದಕ್ಕೂ ಏನೂ ಇರಲಿಲ್ಲ.

"ಅದೇ ಜಾಗ, ಅದೇ ಗಾತ್ರ" ಎಂದರು ಕೊನೆಗೆ. "ಆವತ್ತೂ ಇತ್ತು. ಸೂಜಿ ಬೇಡಮ್ಮ."

ಅಕ್ಕ ಕುರ್ಚಿಯಲ್ಲಿ ಕೂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಪರದೆಯ ಬೂದು ಚೌಕ ಖಾಲಿಯಾಗಿಯೇ ಇತ್ತು; ಹಳೆಯ ಚಿತ್ರ ತೋರಿಸಲು ಅದು ಆಸ್ಪತ್ರೆಯ ನಂಬರು ಕೇಳುತ್ತದೆ, ನಮ್ಮ ತುಂಡುಗಳಿಗೆ ನಂಬರಿಲ್ಲ. ಡಾಕ್ಟರು ಅದನ್ನು ಹಾಗೇ ಬಿಟ್ಟು ರಿಪೋರ್ಟು ಟೈಪ್ ಮಾಡಿದರು. ಪ್ರಿಂಟರು ತಡೆದು ತಡೆದು ಹೊರಹಾಕಿದ ಹಾಳೆಯನ್ನು ನಾನು ಓದಿ ಕನ್ನಡದಲ್ಲಿ ಹೇಳಿದೆ: ಹಿಂದಿನ ಫಿಲ್ಮಿನೊಡನೆ ಹೋಲಿಸಲಾಗಿ, ಬದಲಾವಣೆ ಇಲ್ಲ.

"ಇಷ್ಟೇನಾ?" ಎಂದಳು ಅಕ್ಕ. "ಹಾಗೇ ಇದೆ ಅಂತ ಹೇಳೋಕೆ ಇಷ್ಟು ಓಡಾಟಾನಾ?"

ಡಾಕ್ಟರು ಹೇಳಿದರು: "ಅಮ್ಮ, ನಮ್ಮ ಕೆಲಸದಲ್ಲಿ ಅದಕ್ಕಿಂತ ಒಳ್ಳೇ ಮಾತಿಲ್ಲ."

ಅದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಬದಲಾವಣೆ ಇಲ್ಲ ಎಂದು ಯಾರಾದರೂ ನನ್ನ ಬಗ್ಗೆ ಹೇಳಿದ್ದರೆ ಒಂದು ಕಾಲದಲ್ಲಿ ಅವಮಾನವಾಗುತ್ತಿತ್ತು. ಅದೇ ಕಾಲೇಜು, ಅದೇ ಪಾಠ, ಅದೇ ಸ್ಕೂಟರು ಎಂದು ನಾನೇ ನನ್ನನ್ನು ಬೈದುಕೊಂಡದ್ದುಂಟು. ಆಮೇಲೆ ಕೆಮ್ಮಿಗೆ ಬೇರೆಯೇ ಕಾರಣ ಸಿಕ್ಕಿತು, ಹಳೆಯ ಆಮ್ಲಪಿತ್ತ. ರಾತ್ರಿಯೂಟ ಬೇಗ ಮಾಡಿ ಎಂದರು. ಹೊಲಿಗೆ ತರಗತಿ ಮತ್ತೆ ಶುರುವಾಯಿತು.

ಆ ಗುರುವಾರ ಮನೆಯ ಹತ್ತಿರ ಸ್ಕೂಟರು ನಿಲ್ಲಿಸಿದಾಗ, ಮೂಲೆ ಮನೆಯವರು ಕವರು ನೋಡಿ ಕಾಂಪೌಂಡಿನಾಚೆಯಿಂದಲೇ ಕೇಳಿದರು, "ಎಂಗಿದ್ದೀರಿ ಸರೋಜಮ್ಮ ಈಗ?"

ಸಾಮಾನ್ಯವಾಗಿ ಈ ಪ್ರಶ್ನೆಗೆ ನಾವೆಲ್ಲ ನಿಟ್ಟುಸಿರಿನ ಜೊತೆ ಕೊಡುವ ಉತ್ತರವನ್ನೇ ಅಕ್ಕನೂ ಕೊಟ್ಟಳು. ಆದರೆ ಸ್ಕೂಟರಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಪರೀಕ್ಷೆಯಲ್ಲಿ ಮೊದಲು ಬಂದವಳು ಫಲಿತಾಂಶ ಹೇಳುವ ಧಾಟಿಯಲ್ಲಿ ಕೊಟ್ಟಳು:

"ಹಾಗೇ ಇದ್ದೀನಿ ಕಣ್ರೀ."